ಬಾಳೆಹಣ್ಣಿನಂತೆ ಬಾಗಿದ ಮರುತ್: ಕೆಟ್ಟ ಕಿಟ್ ಕೈಗೆ ಬಂದರೆ ಏನು ಮಾಡುವುದು?

ಪ್ರಶ್ನೆ: ನಾನು ಹುಬ್ಬಳ್ಳಿಯವನು. ಮೂರು ವರ್ಷದಿಂದ ವಿಮಾನದ ಸ್ಕೇಲ್ ಮಾಡೆಲ್ ಕಟ್ಟುತ್ತಿದ್ದೇನೆ. ಇದುವರೆಗಿನ ಐದೂ ಜಪಾನಿನ ಪ್ಲಾಸ್ಟಿಕ್ ಕಿಟ್‌ಗಳು, ಯಾವುದೂ ತೊಂದರೆ ಕೊಟ್ಟಿಲ್ಲ. ಈಗ ನಮ್ಮ ಭಾವ ಹೊರದೇಶದಿಂದ ನಮ್ಮ ಎಚ್‌ಎಎಲ್‌ನ ಹಳೆ ಯುದ್ಧವಿಮಾನ ಎಚ್‌ಎಫ್-24 ಮರುತ್‌ನ 1/72 (ಅಸಲಿಯ 72ರಲ್ಲಿ ಒಂದು ಪಾಲು ಅಳತೆಯ) ರೆಸಿನ್ ಕಿಟ್ ತಂದುಕೊಟ್ಟಿದ್ದಾರೆ. ಯಾವುದೋ ಸಣ್ಣ ವರ್ಕ್‌ಶಾಪಿನದು. ಒಡಲಿನ ಎರಡು ಹೋಳುಗಳಲ್ಲಿ ಒಂದು ಬಾಳೆಹಣ್ಣಿನಂತೆ ಬಾಗಿದೆ. ಅದು ಇನ್ನೊಂದಕ್ಕಿಂತ 2 ಮಿ.ಮೀ. ಗಿಡ್ಡ ಬೇರೆ. ಎಲ್ಲ ಕಡೆ ಸೂಜಿ ಚುಚ್ಚಿದಂಥ ತೂತುಗಳು. ಕ್ಯಾನೊಪಿ, ಅಂದರೆ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ, ಹಳದಿಯಾಗಿದೆ. ಡೆಕಾಲ್‌ನಲ್ಲಿ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತುಗಳ ಹಾಳೆ) ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಅಂದ ಹಾಗೆ, ರೆಕ್ಕೆ ಜೋಡಿಸಲು ಪಿನ್ನೂ ಇಲ್ಲ, ತೂತೂ ಇಲ್ಲ. ಇದನ್ನು ಕಟ್ಟಬಹುದಾ, ಅಥವಾ ಅಟ್ಟಕ್ಕೆ ಏರಿಸಲಾ? ಕಟ್ಟುವುದಾದರೆ ಸಾಮಾನೆಲ್ಲ ಹೊರಗಿನಿಂದ ತರಿಸಬೇಕಾ? ನನ್ನ ಹತ್ತಿರ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇಲ್ಲ.

ಉತ್ತರ: ಅಟ್ಟಕ್ಕೆ ಏರಿಸಬೇಡಿ. ಆದರೆ ಈ ವಾರ ಅಂಟಿನ ಟ್ಯೂಬ್ ಮುಚ್ಚಳವನ್ನೂ ತೆಗೆಯಬೇಡಿ.

ನೀವು ಬರೆದ ಪಟ್ಟಿಯಲ್ಲಿ ನಿಮ್ಮನ್ನು ಹೆದರಿಸಿರುವುದು ಬಾಗು, ತೂತು, ಹಳದಿ ಕ್ಯಾನೊಪಿ. ಇವೆಲ್ಲ ಒಂದೆರಡು ಭಾನುವಾರದ ಕೆಲಸ. ನಿಜವಾದ ತೊಂದರೆಯನ್ನು ನೀವು 'ಅಂದ ಹಾಗೆ' ಅಂತ ಕೊನೆಗೆ ಸೇರಿಸಿದ್ದೀರಿ. ಪಿನ್ ಇಲ್ಲದ ರೆಕ್ಕೆ. ಮೈಮೇಲಿನ ತೂತು ಬಣ್ಣ ಹಚ್ಚುವವರೆಗೂ ತಿದ್ದಬಹುದು. ರೆಕ್ಕೆ ಸೊಟ್ಟಗೆ ಅಂಟಿಕೊಂಡರೆ ಮಾಡೆಲ್ ಮುಗಿಯಿತು.

ಇದು ನನಗೆ ಗೊತ್ತಾಗಿದ್ದು ಪೆಟ್ಟು ತಿಂದು. ಸುಮಾರು ಇಪ್ಪತ್ತು ವರ್ಷದ ಹಿಂದೆ ಇಂಥದ್ದೇ ಒಂದು ಕಿಟ್ ಕಟ್ಟಿದೆ. ಮೂರು ವಾರ ಪುಟ್ಟಿ ಮೆತ್ತಿ, ಉಜ್ಜಿ, ಮೈಯನ್ನು ಕನ್ನಡಿ ಮಾಡಿದೆ. ಬಣ್ಣ, ಡೆಕಾಲ್ ಎಲ್ಲ ಆಯಿತು. ಶೋಕೇಸಿನಲ್ಲಿ ಇಟ್ಟು ಎದುರಿನಿಂದ ನೋಡಿದರೆ ಎಡ ರೆಕ್ಕೆ 4 ಮಿ.ಮೀ. ಕೆಳಗಿತ್ತು. ಮನೆಗೆ ಬಂದವರು ಒಬ್ಬರೂ ಪುಟ್ಟಿ ಕೆಲಸ ನೋಡಲಿಲ್ಲ. 'ಇದ್ಯಾಕೆ ವಾಲಿದೆ?' ಅಂತ ಮಾತ್ರ ಕೇಳಿದರು.

ಮೊದಲ ಕೆಲಸ ಕಾಗದದ್ದು. ಬಾಗಿದ ಹೋಳು, ಉದ್ದದ ವ್ಯತ್ಯಾಸ, ಡೆಕಾಲ್, ಎಲ್ಲದರ ಪಕ್ಕ ಸ್ಕೇಲ್ ಇಟ್ಟು ಫೋಟೋ ತೆಗೆದು ಮಾರಿದವರಿಗೆ ಕಳಿಸಿ. ಸಣ್ಣ ವರ್ಕ್‌ಶಾಪಿನವರಲ್ಲಿ ಹಲವರು ಬೇರೆ ಭಾಗ ಕಳಿಸಿಕೊಡುತ್ತಾರೆ. ನೀವು ಗರಗಸ ಹಾಕಿದ ಮೇಲೆ ಕೇಳಿದರೆ ಯಾರೂ ಕೊಡುವುದಿಲ್ಲ. ಉತ್ತರ ಬರುವವರೆಗೆ ಅಳತೆ ನೋಡುತ್ತಾ ಕೂರಿ.

ಅಳತೆ ಹೇಗೆ? ಮರುತ್‌ನ ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಉದ್ದ 15.87 ಮೀಟರ್. 72ರಿಂದ ಭಾಗಿಸಿದರೆ 125 ಮಿ.ಮೀ. ಮತ್ತು 220 ಮಿ.ಮೀ. ಮೊದಲು ರೆಕ್ಕೆ ಅಳೆಯಿರಿ. ಉದ್ದ ಅಳೆಯುವಾಗ ಮುಂದಿನ ಪಿಟೋ ಕಡ್ಡಿ (ವೇಗ ಅಳೆಯುವ ಕೊಳವೆ) ಲೆಕ್ಕಕ್ಕೆ ಸೇರಿದೆಯೋ ಇಲ್ಲವೋ ಅನ್ನೋ ತಕರಾರು ಯಾವ ವಿಮಾನಕ್ಕೂ ಬರುತ್ತದೆ. ರೆಕ್ಕೆಗೆ ಆ ರಗಳೆ ಇಲ್ಲ. 125ರ ಬದಲು 123 ಬಂದರೆ ಬಿಟ್ಟುಬಿಡಿ. ಶೇಕಡಾ ಎರಡರೊಳಗಿನ ತಪ್ಪು ಕಣ್ಣಿಗೆ ಕಾಣುವುದಿಲ್ಲ, ಅದನ್ನು ತಿದ್ದಲು ಹೋದವರು ಮಾಡೆಲ್ ಮುಗಿಸಿದ್ದನ್ನು ನಾನಂತೂ ಕಂಡಿಲ್ಲ. 118 ಬಂದರೆ ಮಾತ್ರ ಯೋಚಿಸಿ. ಜೋಡಣೆಯ ತಪ್ಪು ಬೇರೆ, ಆಕಾರದ ತಪ್ಪು ಬೇರೆ. ಜೋಡಣೆಯ ತಪ್ಪಿಗೆ ತಾಳ್ಮೆ ಸಾಕು. ರೆಕ್ಕೆ ಹಿಂದಕ್ಕೆ ವಾಲುವ ಕೋನ, ಮೂಗಿನ ಉದ್ದ, ಕಾಕ್‌ಪಿಟ್‌ನ ಜಾಗ ಇಂಥವೇ ತಪ್ಪಿದ್ದರೆ ಅದು ಮರುತ್ ಥರ ಕಾಣುವುದೇ ಇಲ್ಲ.

ಆಕಾರ ನೋಡಲು ನಿಮಗೆ ಒಂದು ಅನುಕೂಲ ಇದೆ. ಬ್ರಿಟನ್ನಿನ ಸ್ಪಿಟ್‌ಫೈರ್ ಕಟ್ಟುವವನು ದೆಹಲಿಗೋ ಲಂಡನ್‌ಗೋ ಹೋಗಬೇಕು. ನೀವು ರಾತ್ರಿ ರೈಲು ಹತ್ತಿದರೆ ಬೆಳಿಗ್ಗೆ ಬೆಂಗಳೂರು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಹೊರಗೆ ಒಂದು ಮರುತ್ ನಿಂತಿದೆ. ಎಚ್‌ಎಎಲ್ ಮ್ಯೂಸಿಯಂನಲ್ಲೂ ಇದೆ. ಎಲ್ಲರೂ ತೆಗೆಯುವ ಪಕ್ಕದ ಫೋಟೋ ಬೇಡ. ನೇರ ಎದುರಿನಿಂದ, ನೇರ ಹಿಂದಿನಿಂದ ತೆಗೆಯಿರಿ. ಗಾಳಿ ಒಳಗೆ ಹೋಗುವ ಬಾಯಿ, ಅದರ ಮುಂದಿನ ಅರ್ಧ ಶಂಕು, ಚಕ್ರದ ಬಾಗಿಲು ತೆರೆದಿರುವ ಕೋನ, ಬಾಲದ ಎರಡು ನಳಿಕೆ ಇವನ್ನು ಬಿಡಬೇಡಿ. ಅಲ್ಲಿನ ಬಣ್ಣವನ್ನು ಮಾತ್ರ ನಂಬಬೇಡಿ. ಮ್ಯೂಸಿಯಂ ವಿಮಾನಕ್ಕೆ ಮಳೆಬಿಸಿಲಿಗೆ ಹೆದರಿ ಮತ್ತೆ ಮತ್ತೆ ಬಣ್ಣ ಬಳಿಯುತ್ತಾರೆ. ಬಣ್ಣಕ್ಕೆ 1971ರ ಸುಮಾರಿನ ಹಳೆ ಫೋಟೋಗಳೇ ಗತಿ.

ಈ ಕಿಟ್ ಯಾಕೆ ಹೀಗಿದೆ ಅಂತ ಗೊತ್ತಿದ್ದರೆ ಸಿಟ್ಟು ಸ್ವಲ್ಪ ಇಳಿಯುತ್ತದೆ, ರಿಪೇರಿಯೂ ಸುಲಭ. ನೀವು ಕಟ್ಟಿದ ಜಪಾನಿನ ಕಿಟ್‌ಗಳು ಉಕ್ಕಿನ ಅಚ್ಚಿನಿಂದ ಬಂದವು. ಆ ಅಚ್ಚಿಗೆ ಭಾರೀ ದುಡ್ಡು ಬೇಕು. ಲಕ್ಷಗಟ್ಟಲೆ ಪೆಟ್ಟಿಗೆ ಮಾರುವ ವಿಮಾನಕ್ಕೆ ಅದು ಗಿಟ್ಟುತ್ತದೆ. ಮರುತ್ ಒಟ್ಟು ತಯಾರಾಗಿದ್ದು 147. ಹಾರಿಸಿದ್ದು ನಮ್ಮ ವಾಯುಪಡೆ ಒಂದೇ. ಜರ್ಮನಿಯ ಕುರ್ಟ್ ಟ್ಯಾಂಕ್ ಬೆಂಗಳೂರಿಗೆ ಬಂದು ವಿನ್ಯಾಸ ಮಾಡಿದ, 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲು ಹಾರಿಸಿದ ವಿಮಾನ ಇದು. ಎಚ್‌ಎಎಲ್ ಹತ್ತಿರದ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ. ನಮಗೆ ಇದೆಲ್ಲ ದೊಡ್ಡದು. ಆದರೆ ಉಕ್ಕಿನ ಅಚ್ಚು ಮಾಡಿಸುವವನ ಲೆಕ್ಕದಲ್ಲಿ ಇದಕ್ಕೆ ಮಾರುಕಟ್ಟೆ ಇಲ್ಲ. ಹಾಗಾಗಿ ಯಾರೋ ಒಬ್ಬ ಆಸಕ್ತ ಮನೆಯ ಹಿಂದಿನ ಶೆಡ್ಡಿನಲ್ಲಿ ಸಿಲಿಕೋನ್ ರಬ್ಬರಿನ ಅಚ್ಚು ಮಾಡಿ, ರೆಸಿನ್ ಸುರಿದು, ಹತ್ತಾರು ಪ್ರತಿ ತೆಗೆಯುತ್ತಾನೆ. ರಬ್ಬರ್ ಅಚ್ಚು ಕೆಲವೇ ಡಜನ್ ಎರಕಕ್ಕೆ ಸವೆಯುತ್ತದೆ. ಸುರಿಯುವಾಗ ಗಾಳಿ ಸಿಕ್ಕಿಕೊಂಡರೆ ಅದೇ ನಿಮ್ಮ ಸೂಜಿ ತೂತು. ಒಂದು ಹೋಳು ಹೊಸ ಅಚ್ಚಿನದು, ಇನ್ನೊಂದು ಸವೆದ ಅಚ್ಚಿನದಾದರೆ ಎರಡೂ ಬೇರೆ ಬೇರೆ ಕುಗ್ಗುತ್ತವೆ. ನಿಮ್ಮ 2 ಮಿ.ಮೀ. ಬಹುಶಃ ಬಂದಿದ್ದು ಅಲ್ಲಿಂದ. ಪೂರ್ತಿ ಗಟ್ಟಿಯಾಗುವ ಮೊದಲೇ ಅಚ್ಚಿನಿಂದ ಕಿತ್ತರೆ ಬಾಳೆಹಣ್ಣು.

ದೊಡ್ಡವರೂ ಇದಕ್ಕೆ ಹೊರತಲ್ಲ. ಬ್ರಿಟನ್ನಿನ ಫ್ರಾಗ್ ಕಂಪನಿಯ ಅಚ್ಚುಗಳು 1970ರ ದಶಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ ನೋವೋ ಹೆಸರಿನಲ್ಲಿ ಮಾರಾಟವಾದವು. ಅಚ್ಚು ಹಳತಾದಷ್ಟೂ ಸಂದಿಯಿಂದ ಪ್ಲಾಸ್ಟಿಕ್ ಸೋರಿ ಅಂಚಿಗೆಲ್ಲ ತೆಳು ಪೊರೆ ಕಟ್ಟುತ್ತದೆ. ಪೆಟ್ಟಿಗೆಯ ಮೇಲೆ ಹೊಸ ಚಿತ್ರ, ಒಳಗೆ ಅಜ್ಜನ ಕಾಲದ ಅಚ್ಚು. ಇದು ಈ ಹವ್ಯಾಸದಲ್ಲಿ ಮಾಮೂಲು.

ಸರಿ, ಕೆಲಸಕ್ಕೆ ಬರೋಣ. ರೆಸಿನ್ ಭಾಗಗಳನ್ನೆಲ್ಲ ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ಹಳೆ ಟೂತ್‌ಬ್ರಷ್ ಹಾಕಿ ತೊಳೆಯಿರಿ. ಅಚ್ಚಿನಿಂದ ಸಲೀಸಾಗಿ ಬಿಡಲಿ ಅಂತ ಹಚ್ಚಿದ ಜಿಡ್ಡು ಮೈಮೇಲೆ ಇರುತ್ತದೆ. ಅದು ಉಳಿದರೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಎರಡನೆಯದು, ನಿಮ್ಮ ಪ್ಲಾಸ್ಟಿಕ್ ಸಿಮೆಂಟ್ ಎತ್ತಿಡಿ. ಅದು ನಿಮ್ಮ ಹಳೆ ಕಿಟ್‌ಗಳ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸಿ ಬೆಸೆಯುವ ದ್ರವ. ರೆಸಿನ್ ಮೇಲೆ ಏನೂ ನಡೆಯುವುದಿಲ್ಲ. ಇಲ್ಲಿ ಫೆವಿಕ್ವಿಕ್ ಅಥವಾ ಅರಾಲ್ಡೈಟ್. ಮೂರನೆಯದು ಜೋಪಾನದ ಮಾತು. ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಯಾವಾಗಲೂ ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳನ್ನು ದೂರ ಇಡಿ. ಉಜ್ಜಿದ ನೀರನ್ನು ಒಣಗಲು ಬಿಡದೆ ಕೂಡಲೇ ಒರೆಸಿಬಿಡಿ.

ಬಾಗಿದ ಹೋಳಿಗೆ ಬಿಸಿನೀರು ಸಾಕು. ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ಎರಡು ಮೂರು ನಿಮಿಷ ಬಿಡಿ. ಹೋಳನ್ನು ಅರ್ಧ ನಿಮಿಷ ಅದರಲ್ಲಿ ಮುಳುಗಿಸಿ. ಮೆತ್ತಗಾದ ಕೂಡಲೇ ತೆಗೆದು, ಗಾಜಿನ ತಟ್ಟೆಯಂಥ ಸಮತಟ್ಟಾದ ಜಾಗದ ಮೇಲೆ ಒತ್ತಿ ನೆಟ್ಟಗೆ ಮಾಡಿ. ಹಾಗೇ ಹಿಡಿದುಕೊಂಡು ತಣ್ಣೀರಿಗೆ ಬಿಡಿ. ಒಂದೇ ಸಲಕ್ಕೆ ಬರಲಿಲ್ಲ ಅಂತ ಬಲ ಹಾಕಬೇಡಿ, ಮೂರು ನಾಲ್ಕು ಸಲ ಮಾಡಿ. ಬಾಗು ಹೋದ ಮೇಲೆ ಮತ್ತೆ ಉದ್ದ ಅಳೆಯಿರಿ. ಬಾಗಿದ್ದರಿಂದ ಗಿಡ್ಡ ಕಂಡಿದ್ದು ಒಂದಿಷ್ಟು ವಾಪಸ್ ಬರುತ್ತದೆ. ಪೂರ್ತಿ 2 ಮಿ.ಮೀ. ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಉಳಿದ ವ್ಯತ್ಯಾಸವನ್ನು ಎಲ್ಲಿ ಬಚ್ಚಿಡುವುದು ಅನ್ನುವುದೇ ಪ್ರಶ್ನೆ. ಹೊಸಬರು ಮೂಗಿನ ತುದಿ ಸೇರಿಸಿ ಅಲ್ಲಿಂದ ಹಿಂದಕ್ಕೆ ಅಂಟಿಸುತ್ತಾ ಹೋಗುತ್ತಾರೆ. ಆಗ ತಪ್ಪೆಲ್ಲ ರೆಕ್ಕೆಯ ಬುಡಕ್ಕೆ ಬಂದು ನಿಲ್ಲುತ್ತದೆ, ಎಡ ರೆಕ್ಕೆ ಒಂದು ಕಡೆ, ಬಲ ರೆಕ್ಕೆ ಒಂದು ಕಡೆ. ನೀವು ನಡುವಿನಿಂದ ಶುರು ಮಾಡಿ. ರೆಕ್ಕೆ ಕೂರುವ ಜಾಗ, ಕಾಕ್‌ಪಿಟ್ ಅಂಚು ಇವೆರಡು ಎರಡೂ ಕಡೆ ಒಂದೇ ಸಾಲಿಗೆ ಬರಲಿ. ತಪ್ಪು ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ ಹಂಚಿಹೋಗುತ್ತದೆ. ಮೂಗಿನ ತುದಿಯನ್ನು ಪುಟ್ಟಿ ಹಾಕಿ ಗುಂಡಗೆ ಉಜ್ಜಬಹುದು. ಬಾಲದ ತುದಿಯನ್ನು ಉಪ್ಪುಕಾಗದದ ಮೇಲೆ ತಿಕ್ಕಿ ಸಮ ಮಾಡಬಹುದು.

ಹೋಳುಗಳು ಒಂದಕ್ಕೊಂದು ಜಾರದಂತೆ ಒಳಗಡೆ ಪಟ್ಟಿ ಕೊಡಬೇಕು. ಅವಧಿ ಮುಗಿದ ಎಟಿಎಂ ಕಾರ್ಡ್ ಇದಕ್ಕೆ ಹೇಳಿ ಮಾಡಿಸಿದ್ದು. 0.76 ಮಿ.ಮೀ. ದಪ್ಪ, ಗಟ್ಟಿ, ಬಿಟ್ಟಿ. ಅರ್ಧ ಅಂಗುಲದ ತುಂಡು ಕತ್ತರಿಸಿ, ಒಂದು ಪಟ್ಟಿ ಎಡ ಹೋಳಿಗೆ, ಮುಂದಿನದು ಬಲ ಹೋಳಿಗೆ ಹೀಗೆ ಅಂಚಿನಿಂದ ಅರ್ಧ ಹೊರಚಾಚುವಂತೆ ಅಂಟಿಸಿ. ಆಮೇಲೆ ಹೋಳು ಮುಚ್ಚಿ ನೋಡಿ. ಪೆಟ್ಟಿಗೆಯ ಮುಚ್ಚಳದ ಥರ ಕೂರುತ್ತದೆ. ಅಂಟಿಸದೆ ಹೀಗೆ ಕೂರಿಸಿ ನೋಡುವುದನ್ನು ಹತ್ತು ಸಲ ಮಾಡಿ. ಒಳ್ಳೆ ಕಿಟ್‌ನಲ್ಲಿ ಇದನ್ನು ಹಾರಿಸಿದರೂ ನಡೆಯುತ್ತದೆ, ಇಲ್ಲಿ ನಡೆಯುವುದಿಲ್ಲ.

ಈಗ ಸೂಜಿ ತೂತು. ಮೇಲೆ ಪುಟ್ಟಿ ಸವರಬೇಡಿ, ಒಳಗಿನ ಗಾಳಿಗುಳ್ಳೆ ಹಾಗೇ ಉಳಿದು ಉಜ್ಜುವಾಗ ಮತ್ತೆ ಬಾಯಿಬಿಡುತ್ತದೆ. ಮೊದಲು ಸೂಜಿಯಿಂದ ಚುಚ್ಚಿ ತೂತನ್ನು ದೊಡ್ಡದೇ ಮಾಡಿ. ಟಾಲ್ಕಂ ಪೌಡರ್‌ಗೆ ಫೆವಿಕ್ವಿಕ್ ಕಲಸಿ ಕಡ್ಡಿಯ ತುದಿಯಿಂದ ತುಂಬಿ. ಒಂದು ಗಂಟೆಯೊಳಗೆ ಉಜ್ಜಿಬಿಡಿ, ರಾತ್ರಿ ಬಿಟ್ಟರೆ ಅದು ಸುತ್ತಲಿನ ರೆಸಿನ್‌ಗಿಂತ ಗಟ್ಟಿಯಾಗುತ್ತದೆ. ಬೋಂಡಾಕ್ಕೆ ಹಾಕುವ ಅಡುಗೆ ಸೋಡಾವನ್ನೂ ಕೆಲವರು ಹೇಳುತ್ತಾರೆ. ಸೋಡಾ ಉದುರಿಸಿ ಅಂಟು ಬಿಟ್ಟರೆ ಕ್ಷಣದಲ್ಲಿ ಕಲ್ಲು. ಅದಕ್ಕೇ ನಾನು ಅದನ್ನು ಒಳಗಡೆ ಪಟ್ಟಿಗಳಿಗೆ ಬಲ ಕೊಡಲು ಮಾತ್ರ ಬಳಸುತ್ತೇನೆ. ಹೊರಮೈಗೆ ಹಾಕಿದರೆ ಸುತ್ತಲಿನ ಮೆತ್ತನೆ ರೆಸಿನ್ ಸವೆದು ಸೋಡಾ ಮಾತ್ರ ಗುಡ್ಡದಂತೆ ಉಳಿಯುತ್ತದೆ.

ದೊಡ್ಡ ಸಂದಿಗೆ ಎಂ-ಸೀಲ್. ಸಣ್ಣ ಗೀರಿಗೆ ಕಾರಿನ ಪೇಂಟರ್‌ಗಳು ಬಳಸುವ ಎನ್‌ಸಿ ಪುಟ್ಟಿ, ತೆಳುವಾಗಿ ಎರಡು ಮೂರು ಸಲ. ದಪ್ಪ ಹಾಕಿದರೆ ಒಣಗಿದಂತೆ ಕುಗ್ಗಿ ಗುಳಿ ಬೀಳುತ್ತದೆ. ಅದೇ ಅಂಗಡಿಯಲ್ಲಿ 400, 600, 1000, 2000 ನಂಬರಿನ ವಾಟರ್ ಪೇಪರ್ ಕೇಳಿ. ನಿಮ್ಮೂರಲ್ಲೇ ಸಿಗುತ್ತದೆ, ಬೆಂಗಳೂರಿನ ಜೆ.ಸಿ. ರಸ್ತೆಗೂ ಬರಬೇಕಾಗಿಲ್ಲ. ಹೊರದೇಶದಿಂದ ತರಿಸಲೇಬೇಕಾದ ಸಾಮಾನು ನಿಮ್ಮ ಪಟ್ಟಿಯಲ್ಲಿ ಒಂದೂ ಇಲ್ಲ.

ಇನ್ನು ರೆಕ್ಕೆ. ರೆಸಿನ್ ರೆಕ್ಕೆ ಗಟ್ಟಿ ತುಂಡು, ಭಾರ. ಬರೀ ಅಂಟಿನ ಮೇಲೆ ನಿಲ್ಲಿಸಿದರೆ ಒಂದು ದಿನ ಬೀಳುತ್ತದೆ. ಕೈಯಲ್ಲಿ ತಿರುಗಿಸುವ ಸಣ್ಣ ಡ್ರಿಲ್‌ನಿಂದ ಬುಡದಲ್ಲಿ 1 ಮಿ.ಮೀ. ತೂತು ಎರಡು ಕೊರೆಯಿರಿ. ಪೇಪರ್ ಕ್ಲಿಪ್ಪಿನ ತಂತಿ ಕತ್ತರಿಸಿ ಅಂಟಿಸಿ. ತಂತಿಯ ತುದಿಗೆ ಬಣ್ಣ ಮುಟ್ಟಿಸಿ ಒಡಲಿಗೆ ಒತ್ತಿದರೆ ಎಲ್ಲಿ ಕೊರೆಯಬೇಕು ಅಂತ ಚುಕ್ಕೆ ಬೀಳುತ್ತದೆ. ಒಡಲಿನ ಕಡೆಯ ತೂತು ಸ್ವಲ್ಪ ಸಡಿಲ ಇರಲಿ. ಬಿಗಿ ಇದ್ದರೆ ಕೋನ ತಿದ್ದಲು ಆಗುವುದಿಲ್ಲ. ಇಲ್ಲಿ ಫೆವಿಕ್ವಿಕ್ ಬೇಡ, ಅರಾಲ್ಡೈಟ್ ಹಚ್ಚಿ. ಅದು ಹಿಡಿಯಲು ಸಮಯ ತಗೊಳ್ಳುತ್ತದೆ, ನಿಮಗೂ ಆ ಸಮಯ ಬೇಕು. ಎದುರಿನ ನೋಟದ ನಕ್ಷೆಯನ್ನು 1/72ಕ್ಕೆ ಪ್ರಿಂಟ್ ಮಾಡಿ ದಪ್ಪ ರಟ್ಟಿಗೆ ಅಂಟಿಸಿ ಕತ್ತರಿಸಿದರೆ ಅದೇ ತೊಟ್ಟಿಲು. ವಿಮಾನವನ್ನು ಅದರಲ್ಲಿ ಕೂರಿಸಿ. ಎರಡೂ ರೆಕ್ಕೆಯ ತುದಿ ಟೇಬಲ್‌ನಿಂದ ಒಂದೇ ಎತ್ತರ ಇದೆಯಾ ನೋಡಿ. ಆಮೇಲೆ ರೆಕ್ಕೆ ತುದಿಯಿಂದ ಬಾಲದ ತುದಿಗೆ ದಾರ ಹಿಡಿದು ಎರಡೂ ಕಡೆ ಸಮ ಇದೆಯಾ ನೋಡಿ. ಇದಾದ ಮೇಲೆ ಒಂದು ದಿನ ಆ ಕಡೆ ತಲೆ ಹಾಕಬೇಡಿ.

ರೆಕ್ಕೆಯ ಹಿಂದಿನ ಅಂಚು ದಪ್ಪ ಇದ್ದೇ ಇರುತ್ತದೆ, ಎಲ್ಲ ರೆಸಿನ್ ಕಿಟ್‌ಗಳ ಗೋಳು ಅದು. 1 ಮಿ.ಮೀ. ದಪ್ಪ ಅಂದರೆ ನಿಜದಲ್ಲಿ 7 ಸೆಂ.ಮೀ.ಗೂ ಜಾಸ್ತಿ. ಕೆಳಗಿನಿಂದ ಉಜ್ಜಿ ತೆಳು ಮಾಡಿ. ಆದರೆ ಪ್ಯಾನೆಲ್ ಗೆರೆ (ಮೈಯ ತಗಡುಗಳು ಸೇರುವ ಗೆರೆ) ಅಳಿಸಿಹೋದರೆ ಎಲ್ಲವನ್ನೂ ಮತ್ತೆ ಕೆತ್ತಲು ಕೂರಬೇಡಿ ಅನ್ನುವುದು ನನ್ನ ಅಭಿಪ್ರಾಯ. ನಿಜವಾದ ವಿಮಾನದಲ್ಲಿ 3 ಮಿ.ಮೀ. ಸಂದಿ ಇದ್ದರೂ ಈ ಅಳತೆಯಲ್ಲಿ ಅದು 0.04 ಮಿ.ಮೀ. ಕೂದಲಿಗಿಂತ ತೆಳು. ನಾವು ಅರ್ಧ ಮಿ.ಮೀ. ಅಗಲ ಕೆತ್ತಿದರೆ ಅದು 36 ಮಿ.ಮೀ. ಕಾಲುವೆ! ರಡ್ಡರ್, ಫ್ಲ್ಯಾಪ್, ಏಲಿರಾನ್‌ಗಳಂಥ ಆಡುವ ಭಾಗಗಳ ಗೆರೆ ಮಾತ್ರ ಕೆತ್ತಿ. ಉಳಿದದ್ದಕ್ಕೆ ಪೆನ್ಸಿಲ್ ಗೆರೆ ಸಾಕು. ಗೆರೆ ಕೆತ್ತುವುದೇ ಈ ಹವ್ಯಾಸ ಅಂದುಕೊಂಡ ಗೆಳೆಯರು ನನಗಿದ್ದಾರೆ. ಅವರು ಈ ಮಾತಿಗೆ ಒಪ್ಪುವುದಿಲ್ಲ.

ಹಳದಿ ಕ್ಯಾನೊಪಿ ಉಳಿಸುವ ಪ್ರಯತ್ನವೇ ಬೇಡ. ಅದರ ಒಳಗೆ ಎಂ-ಸೀಲ್ ತುಂಬಿ ಗಟ್ಟಿಯಾದ ಮೇಲೆ ಬಿಡಿಸಿ ನುಣ್ಣಗೆ ಉಜ್ಜಿ. ಒಳಗೆ ಮೊದಲೇ ಎಣ್ಣೆ ಸವರಿರಬೇಕು. ಆ ಅಚ್ಚನ್ನು ಮರದ ತುಂಡಿಗೆ ಕೂರಿಸಿ ನೀರಿನ ಬಾಟಲಿಯ ಒಳಗೆ ತೂರಿಸಿ. ಹೊರಗಿನಿಂದ ಹಾಟ್ ಏರ್ ಗನ್ ಹಿಡಿದರೆ ಬಾಟಲಿ ಕುಗ್ಗಿ ಅಚ್ಚಿಗೆ ಅಂಟಿಕೊಳ್ಳುತ್ತದೆ. ಗೆರೆ, ಉಬ್ಬು ಇಲ್ಲದ ಬಾಟಲಿ ಆರಿಸಿಕೊಳ್ಳಿ. ಮೊದಲ ಮೂರು ಹಾಳಾಗುತ್ತವೆ, ಬೇಜಾರು ಬೇಡ, ಬಾಟಲಿಗೇನು ಬರವೇ? ಕತ್ತರಿಸುವಾಗ ಅಚ್ಚು ಒಳಗೇ ಇರಲಿ. ಹೊಸ ಬ್ಲೇಡಿನಿಂದ ಮೆಲ್ಲಗೆ ಹತ್ತಾರು ಸಲ ಗೀರಿ. ಅಂಟಿಸಲು ಬಿಳಿ ಫೆವಿಕಾಲ್. ಫೆವಿಕ್ವಿಕ್ ಹಾಕಿದರೆ ಅದರ ಹಬೆಗೆ ಪಾರದರ್ಶಕ ಪ್ಲಾಸ್ಟಿಕ್ ಮಂಜಾಗುತ್ತದೆ.

ಡೆಕಾಲ್ ವಿಷಯ ಬೇಗ ಹೇಳಿಬಿಡುತ್ತೇನೆ. ನಮ್ಮ ವಾಯುಪಡೆಯ ಗುರುತಾದ ದುಂಡು ಚಕ್ರದಲ್ಲಿ ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ನಿಮ್ಮ ಹಾಳೆಯಲ್ಲಿ ಹಸಿರು ಪಕ್ಕಕ್ಕೆ ಸರಿದಿದೆ. ಅದನ್ನು ಹಾಗೇ ಹಚ್ಚಿದರೆ ದೂರದಿಂದಲೂ ಕಣ್ಣು ಚುಚ್ಚುತ್ತದೆ. ಇನ್ನೊಂದು ಭಾರತೀಯ ಕಿಟ್‌ನ ಹಾಳೆ ಸಿಕ್ಕರೆ ಒಳ್ಳೆಯದು. ಗ್ನ್ಯಾಟ್, ಹಂಟರ್, ಮಿಗ್-21 ಕಟ್ಟಿದವರ ಹತ್ತಿರ ಉಳಿದಿರುತ್ತದೆ. ಆದರೆ ಚಕ್ರದ ಅಳತೆ ವಿಮಾನದಿಂದ ವಿಮಾನಕ್ಕೆ ಬೇರೆ, ಫೋಟೋ ನೋಡಿ ಹೋಲಿಸಿ. ಇಲ್ಲದಿದ್ದರೆ ಕಂಪಾಸಿನಿಂದ ಮಾಸ್ಕಿಂಗ್ ಟೇಪ್ ಕತ್ತರಿಸಿ ಬಣ್ಣವನ್ನೇ ಹಚ್ಚಿ, ಮೊದಲು ಬಿಳಿ, ಆಮೇಲೆ ಉಳಿದೆರಡು. ಅಕ್ಷರಗಳ ಡೆಕಾಲ್ ಸರಿ ಇದ್ದರೆ ಬಳಸಿ, ಆದರೆ ಬೇಡದ ಒಂದು ತುಂಡನ್ನು ಮೊದಲು ನೀರಿಗೆ ಹಾಕಿ ನೋಡಿ. ಪುಡಿಯಾದರೆ ಇಡೀ ಹಾಳೆಗೆ ಕ್ಲಿಯರ್ ಲ್ಯಾಕರ್ ಸ್ಪ್ರೇ ಹೊಡೆದು ಒಣಗಿಸಿ ಬಳಸಿ.

ಮೂಗಿನ ನಾಲ್ಕು ಫಿರಂಗಿ ನಳಿಕೆಗೆ ಮೆಡಿಕಲ್ ಶಾಪಿನ 26 ನಂಬರಿನ ಇಂಜೆಕ್ಷನ್ ಸೂಜಿ ಸರಿಹೋಗುತ್ತದೆ. ಹೊರಗಿನ ದಪ್ಪ ಅರ್ಧ ಮಿ.ಮೀ.ಗಿಂತ ಕಡಿಮೆ. ನಿಜವಾದದ್ದು 30 ಮಿ.ಮೀ. ಫಿರಂಗಿ, ಭಾಗಿಸಿದರೆ 0.4 ಮಿ.ಮೀ. ಪಿಟೋ ಕಡ್ಡಿಗೂ ಅದೇ ಸೂಜಿ. ಕತ್ತರಿಸುವಾಗ ತುಂಡು ಹಾರುತ್ತದೆ, ಕನ್ನಡಕ ಹಾಕಿಕೊಳ್ಳಿ.

ಇದರಲ್ಲಿ ನನಗೆ ಯಾವಾಗಲೂ ಖುಷಿ ಕೊಡುವ ಸಂಗತಿ ಒಂದಿದೆ. ಮರುತ್ ಹಾರುವ ಮೊದಲು ಎಚ್‌ಎಎಲ್‌ನವರೂ ಒಂದು ಮಾಡೆಲ್ ಕಟ್ಟಿದ್ದರು. ಮರದ್ದು, ಪೂರ್ತಿ ಅಳತೆಯದು, ಎಂಜಿನ್ ಇಲ್ಲದ್ದು. ಎಕ್ಸ್-241 ಅಂತ ಹೆಸರು. 1959ರಲ್ಲಿ ಡಕೋಟಾ ವಿಮಾನದ ಹಿಂದೆ ಕಟ್ಟಿ ಎಳೆದು ಹಾರಿಸಿದರು. ಅಂದರೆ ಈ ವಿಮಾನದ 1/1 ಮಾಡೆಲ್ ಬಂದದ್ದು ಅಸಲಿ ವಿಮಾನಕ್ಕಿಂತ ಮೊದಲು!

ಒಡಲು ಮುಚ್ಚುವ ಮೊದಲು ತೂಕ ನೋಡಲು ಮರೆಯಬೇಡಿ. ಬಾಲದ ಕಡೆ ಗಟ್ಟಿ ರೆಸಿನ್ ಜಾಸ್ತಿ ಇದ್ದರೆ ಮಾಡೆಲ್ ಹಿಂದಕ್ಕೆ ಕೂರುತ್ತದೆ. ಭಾಗಗಳನ್ನೆಲ್ಲ ಟೇಪಿನಿಂದ ಜೋಡಿಸಿ. ಹಿಂದಿನ ಚಕ್ರ ಬರುವ ಜಾಗಕ್ಕೆ ಪೆನ್ಸಿಲ್ ಕೊಟ್ಟು ಯಾವ ಕಡೆ ವಾಲುತ್ತದೆ ನೋಡಿ. ಮುಂದಕ್ಕೆ ವಾಲುವವರೆಗೆ ಮೂಗಿನೊಳಗೆ ಸೈಕಲ್ ಶಾಪಿನ ಬೇರಿಂಗ್ ಗುಂಡು ಹಾಕಿ, ಅರಾಲ್ಡೈಟ್ ಸುರಿದು ಕೂರಿಸಿ. ಲೆಕ್ಕಕ್ಕಿಂತ ಎರಡು ಗುಂಡು ಜಾಸ್ತಿಯೇ ಇರಲಿ, ಬಣ್ಣಕ್ಕೂ ತೂಕ ಇದೆ. ಇಷ್ಟು ಭಾರ ಹೊರಲು ಕಿಟ್‌ನ ರೆಸಿನ್ ಕಾಲುಗಳಿಗೆ ಆಗುವುದಿಲ್ಲ. ಬೇಸಿಗೆಯಲ್ಲಿ ತಾನಾಗಿಯೇ ಬಾಗುತ್ತವೆ. ಕಾಲಿನೊಳಗೆ ಹಿತ್ತಾಳೆ ತಂತಿ ಇಡಿ, ಅಥವಾ ತಂತಿಯಲ್ಲೇ ಹೊಸ ಕಾಲು ಮಾಡಿ.

ಏರ್‌ಬ್ರಷ್ ಇಲ್ಲ ಅಂದಿರಿ. ಪ್ರೈಮರ್‌ಗೆ ಅದು ಬೇಕಾಗಿಯೂ ಇಲ್ಲ. ಕಾರಿಗೆ ಹೊಡೆಯುವ ಬೂದು ಪ್ರೈಮರ್ ಸ್ಪ್ರೇ ಕ್ಯಾನ್ ಸಾಕು. ರೆಸಿನ್ ತಡೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಕಿಟ್ ಮೇಲೆ ಮಾತ್ರ ನೇರ ಹೊಡೆಯಬೇಡಿ, ಅದರ ಥಿನ್ನರ್ ಪ್ಲಾಸ್ಟಿಕ್ ತಿನ್ನಬಹುದು, ಬೇಡದ ತುಂಡಿನ ಮೇಲೆ ನೋಡಿಕೊಳ್ಳಿ. ಕ್ಯಾನನ್ನು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಟ್ಟರೆ ಸ್ಪ್ರೇ ನಯವಾಗಿ ಬರುತ್ತದೆ. ಬಿಸಿನೀರಲ್ಲ, ಬೆಚ್ಚಗಿನ ನೀರು, ಒಲೆಯ ಹತ್ತಿರವೂ ಅಲ್ಲ. ಒಂದು ತೆಳು ಪದರ ಬಿದ್ದ ಕೂಡಲೇ ನೀವು ಮುಚ್ಚಿದೆ ಅಂದುಕೊಂಡಿದ್ದ ತೂತುಗಳಲ್ಲಿ ಕಾಲು ಭಾಗ ಎದ್ದು ನಗುತ್ತವೆ. ಎಲ್ಲರಿಗೂ ಹಾಗೇ ಆಗುತ್ತದೆ. ಮತ್ತೆ ತುಂಬಿ, ಉಜ್ಜಿ, ಮತ್ತೆ ಹೊಡೆಯಿರಿ. ಮೂರನೇ ಸಲದ ಪ್ರೈಮರ್ ಆದಮೇಲೆ ನೇರ ಎದುರಿನಿಂದ ಒಂದು ಫೋಟೋ ತೆಗೆದು ಕಳಿಸಿ. ನಾನು ಮೊದಲು ರೆಕ್ಕೆ ನೋಡುತ್ತೇನೆ.